ಒಂದು ಬಿಲ್ಲು ಮಾವನವರೇ ಕೊಡಲಿ

ಪ್ರಶ್ನೆ: ನಾವು ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿದ್ದೇವೆ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಒಂಬತ್ತು ವರ್ಷದ ಮಗಳಿದ್ದಾಳೆ. ನನ್ನ ತವರು ಹಾಸನ, ಅವರದು ಧಾರವಾಡ. ಅತ್ತೆ ಮಾವ ಮೇ ತಿಂಗಳಲ್ಲಿ ಬಂದಿದ್ದಾರೆ, ಅಕ್ಟೋಬರ್ ಕೊನೆಗೆ ವಾಪಸು ಹೋಗುತ್ತಾರೆ. ಮಾವ ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅತ್ತೆ ಶಾಲೆಯಲ್ಲಿ ಟೀಚರ್ ಆಗಿದ್ದರು, ಕಸೂತಿ ಚೆನ್ನಾಗಿ ಹಾಕುತ್ತಾರೆ, ಮಗಳ ಫ್ರಾಕಿಗೂ ಹಾಕಿಕೊಟ್ಟಿದ್ದಾರೆ. ಇಬ್ಬರೂ ಶುದ್ಧ ಸಸ್ಯಾಹಾರಿಗಳು.

ಹೋದ ತಿಂಗಳು ಅವರನ್ನು ನ್ಯೂಯಾರ್ಕ್ ಸಿಟಿಗೆ ಕರೆದುಕೊಂಡು ಹೋದೆವು. ಒಳ್ಳೆಯ ಸಸ್ಯಾಹಾರಿ ರೆಸ್ಟೋರೆಂಟ್ ಹುಡುಕಿ ಮೊದಲೇ ಟೇಬಲ್ ಬುಕ್ ಮಾಡಿದ್ದೆ. ಮೆನು ಕೈಗೆ ಬಂದ ಕೂಡಲೇ ಮಾವ ಬೆಲೆಯನ್ನು ರೂಪಾಯಿಗೆ ಗುಣಿಸಿ ನೋಡಿ, "ನನಗ ಹಸಿವಿಲ್ಲ, ನೀವು ತಿನ್ರಿ" ಎಂದು ಮುಚ್ಚಿಟ್ಟರು. ಅತ್ತೆ ಚೀಲದಿಂದ ಚಪಾತಿ, ಶೇಂಗಾ ಚಟ್ನಿಪುಡಿ ತೆಗೆದರು. ಹೊರಗಿನ ತಿಂಡಿ ಇಲ್ಲಿ ತಿನ್ನುವಂತಿಲ್ಲ ಎಂದು ವೇಟರ್ ಹೇಳಿದ. ಯಜಮಾನರಿಗೆ ಮುಖ ಕೆಂಪಾಯಿತು, ಎಲ್ಲರ ಎದುರೇ ತಾಯಿಗೆ ರೇಗಿದರು. ಅಲ್ಲಿಂದ ಟೈಮ್ಸ್ ಸ್ಕ್ವೇರ್‌ಗೆ ಬಂದರೆ ಅತ್ತೆ ಎರಡು ಡಜನ್ ಫ್ರಿಜ್ ಮ್ಯಾಗ್ನೆಟ್ ತೆಗೆದುಕೊಂಡರು. "ಎಲ್ಲಾ ಚೈನಾ ಮಾಲು" ಎಂದು ಯಜಮಾನರು ಮತ್ತೆ ಗೊಣಗಿದರು. ಇಲ್ಲಿಯ ಕಲಾವಿದೆಯೊಬ್ಬಳು ಕೈಯಾರೆ ಮಾಡಿದ 85 ಡಾಲರಿನ ಮಣ್ಣಿನ ಬಟ್ಟಲನ್ನು ನಾನು ಅತ್ತೆಗೆಂದು ಆರಿಸಿದೆ. "ಇಷ್ಟ ರೊಕ್ಕಾ ಕೊಟ್ಟು ಮಣ್ಣಿಂದು ಯಾಕವ್ವಾ" ಎಂದು ವಾಪಸು ಇಡಿಸಿದರು.

ಮನೆಗೆ ಬಂದ ಮೇಲೆ ಅತ್ತೆ ಮಾತು ಕಡಿಮೆ ಮಾಡಿದ್ದಾರೆ. ಮಾವ ಮಗನಿಗೆ "ಟಿಕೆಟ್ ಲಗೂ ಮಾಡಸಪಾ" ಎನ್ನುತ್ತಿದ್ದಾರೆ. ನಾನು ದುಂದುಗಾರ್ತಿ ಎಂದು ಅವರಿಗೆ ಅನಿಸಿರಬಹುದೇ? ಅವರು ಹೋಗುವ ಮೊದಲು ಒಂದು ಸಲವಾದರೂ ಸಿಟಿಯಲ್ಲಿ ಎಲ್ಲರೂ ನಗುನಗುತ್ತಾ ಊಟ ಮಾಡಬೇಕು, ಇಲ್ಲಿಯದೇ ಒಂದು ಒಳ್ಳೆಯ ವಸ್ತುವನ್ನು ಅವರು ಊರಿಗೆ ಒಯ್ಯಬೇಕು ಎಂಬ ಆಸೆ ನನಗೆ. ಮತ್ತೆ ಹೋಗಬೇಕೋ, ಸುಮ್ಮನಿರಬೇಕೋ?
ಹೆಸರು ಬೇಡ, ಮೆಟುಚೆನ್

ಉತ್ತರ: ಬಟ್ಟಲಿನ ಬೆಲೆ ಬರೆದಿದ್ದೀರಿ, ಮ್ಯಾಗ್ನೆಟ್ ಎಷ್ಟು ಎಂದು ಬರೆದಿದ್ದೀರಿ. ಆ ದಿನ ಮಾವನವರ ಜೇಬಿನಲ್ಲಿ ಎಷ್ಟು ಡಾಲರ್ ಇತ್ತು ಎಂದು ಮಾತ್ರ ಬರೆದಿಲ್ಲ. ಇರಲಿಲ್ಲ ಎಂದೇ ನನ್ನ ಅಂದಾಜು. ಇದ್ದರೂ ಆಪತ್ತಿಗಿರಲಿ ಎಂದು ಪಾಸ್‌ಪೋರ್ಟಿನ ಜೊತೆ ಕಟ್ಟಿಟ್ಟ ನೋಟುಗಳು ಇದ್ದಾವು.

ಅಂಚೆ ಇಲಾಖೆಯ ಸಂಬಳದಲ್ಲಿ ಮನೆ ನಡೆಸಿ ಮಗನನ್ನು ಅಮೆರಿಕದವರೆಗೆ ಓದಿಸಿದ ಮನುಷ್ಯ ಅವರು. ಧಾರವಾಡದಲ್ಲಿ ಮನೆ ಮಂದಿಯನ್ನೆಲ್ಲ ಹೋಟೆಲಿಗೆ ಕರೆದುಕೊಂಡು ಹೋದಾಗ, ಯಾರಿಗೆ ಏನು ಬೇಕು ಎಂದು ಕೇಳಿ, ಮಾಣಿಯನ್ನು ಕರೆದು ಹೇಳಿ, ಕೊನೆಗೆ ಗಲ್ಲಾದ ಮುಂದೆ ನಿಂತು ಪಾಕೀಟು ತೆಗೆದವರು ಅವರೇ. ಮೆಟುಚೆನ್‌ನಲ್ಲಿ ಅವರಿಗೆ ಕಾರಿನ ಕೀಲಿ ಇಲ್ಲ, ಬ್ಯಾಂಕಿನ ಕಾರ್ಡಿಲ್ಲ. ಹಾಲು ತರಬೇಕಾದರೂ ಮಗ ಸೊಸೆಯ ಬಿಡುವು ನೋಡಬೇಕು. ಹೀಗಿರುವಾಗ ಒಂದು ದಿನ ಅವರನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂರಿಸಿ, ಬೆಲೆ ಬರೆದ ಮೆನುವನ್ನು ಕೈಗೆ ಕೊಟ್ಟಿರಿ. ಆರಿಸುವ ಸ್ವಾತಂತ್ರ್ಯ ಕೊಟ್ಟೆವು ಎಂದು ನೀವು ಅಂದುಕೊಂಡಿರಿ. ಅವರಿಗೆ ಕಂಡದ್ದು ಮಗನ ಖರ್ಚು ಹೆಚ್ಚಿಸುವ ಒಂದು ಹಾಳೆ. ಬೇಡ ಎನ್ನುವುದೊಂದೇ ಅವರ ಕೈಯಲ್ಲಿ ಉಳಿದಿದ್ದ ಅಧಿಕಾರ. ಅದನ್ನು ಚಲಾಯಿಸಿದರು. ನಿಮ್ಮ ಅತ್ತೆ ಬಟ್ಟಲನ್ನು ವಾಪಸು ಇಡಿಸಿದ್ದೂ ಹಾಗೆಯೇ. ನೀವು ದುಂದುಗಾರ್ತಿ ಎಂಬ ತೀರ್ಪು ಇದರಲ್ಲಿ ಎಲ್ಲೂ ನನಗೆ ಕಾಣುವುದಿಲ್ಲ.

ಡಾಲರನ್ನು ರೂಪಾಯಿಗೆ ಗುಣಿಸಬೇಡಿ ಎಂದು ದೊಡ್ಡವರಿಗೆ ಬುದ್ಧಿ ಹೇಳುವ ಮಕ್ಕಳು ಬಹಳ. ದಯವಿಟ್ಟು ನೀವು ಹೇಳಬೇಡಿ. ಅವರ ಪಿಂಚಣಿ ರೂಪಾಯಿಯಲ್ಲಿ ಬರುತ್ತದೆ, ಔಷಧದ ಲೆಕ್ಕ, ಮನೆ ರಿಪೇರಿಯ ಲೆಕ್ಕ ರೂಪಾಯಿಯಲ್ಲಿದೆ. ಡಾಲರಿಗೆ ಹತ್ತಿರಹತ್ತಿರ 90 ರೂಪಾಯಿ ಹಿಡಿದರೆ ನಿಮ್ಮ ಬಟ್ಟಲು ಏಳೂವರೆ ಸಾವಿರ ದಾಟುತ್ತದೆ. ಅಷ್ಟು ದುಡ್ಡಿನಲ್ಲಿ ಒಂದು ಒಳ್ಳೆಯ ಇಳಕಲ್ ಸೀರೆ ಬರುತ್ತದೆ ಎಂದು ಗೊತ್ತಿರುವ ಹೆಂಗಸು ಅದನ್ನು ಮರೆತಂತೆ ನಟಿಸಬೇಕೇಕೆ?

ಮೊದಲ ಕೆಲಸ ನಿಮ್ಮದಲ್ಲ, ನಿಮ್ಮ ಯಜಮಾನರದು. ಊಟದ ಮನೆಯಲ್ಲಿ ನಾಲ್ಕು ಜನರೆದುರು ತಾಯಿಗೆ ರೇಗಿದ್ದಕ್ಕೆ ಅವರು ತಾಯಿಯ ಹತ್ತಿರ ಒಬ್ಬರೇ ಹೋಗಿ ಕೂತು ತಪ್ಪಾಯಿತು ಎನ್ನಬೇಕು. ನೀವು ಮಧ್ಯೆ ನಿಂತು "ಅವರಿಗೂ ಬೇಜಾರಾಗಿದೆ ಅತ್ತೆ" ಎಂದು ಸಂದೇಶ ಒಯ್ಯಬೇಡಿ. ಸೊಸೆಯ ಬಾಯಿಂದ ಬಂದ ಮಗನ ಕ್ಷಮೆ ಆ ತಾಯಿಗೆ ಇನ್ನೊಂದು ನೋವು. ವೇಟರ್ ಹೇಳಿದ್ದು ರೆಸ್ಟೋರೆಂಟಿನ ನಿಯಮ. ಅದನ್ನು ಅತ್ತೆ ಒಂದು ಗಳಿಗೆಯಲ್ಲಿ ಮರೆತಿರುತ್ತಾರೆ. ಅವರನ್ನು ಸುಮ್ಮನಾಗಿಸಿದ್ದು ಮಗನ ದನಿ. ಇದು ಆಗದೆ ಎರಡನೇ ಸಲ ಸಿಟಿಗೆ ಹೊರಡಬೇಡಿ.

ಎರಡನೆಯದು, ಒಂದು ಲಕೋಟೆ. ಹೊರಡುವ ದಿನ ಅಂಗಡಿಯ ಬಾಗಿಲಲ್ಲಿ ಕೊಟ್ಟರೆ ಅದು ಮಕ್ಕಳಿಗೆ ಜಾತ್ರೆ ಖರ್ಚಿಗೆ ಕೊಟ್ಟ ಹಾಗಾಗುತ್ತದೆ. ವಾರ ಮುಂಚೆಯೇ, ಮನೆಯಲ್ಲಿ, ಮಗನೇ ಅಪ್ಪನ ಕೈಗೆ ಇನ್ನೂರು ಡಾಲರ್ ನಗದು ಕೊಡಲಿ. ಅಮ್ಮನಿಗೆ ಬೇರೆ ನೂರು. ಐದು, ಹತ್ತು, ಇಪ್ಪತ್ತರ ನೋಟುಗಳಿರಲಿ. "ಇದು ನಿಮ್ಮದು. ಖರ್ಚು ಮಾಡಿರಿ, ಇಟ್ಟುಕೊಳ್ಳಿರಿ, ಲೆಕ್ಕ ಕೇಳೂದಿಲ್ಲ" ಎನ್ನಲಿ, ಆಮೇಲೆ ನಿಜವಾಗಿಯೂ ಕೇಳದಿರಲಿ. ಅದರಲ್ಲಿ ಅರ್ಧ ಧಾರವಾಡಕ್ಕೆ ವಾಪಸು ಹೋದರೂ ಸರಿಯೆ. ನಿಮ್ಮ ಬಟ್ಟಲು, ಆ ಊಟ ಎಲ್ಲ ಸೇರಿದರೆ ಇದಕ್ಕಿಂತ ಬಹಳ ಕಡಿಮೆಯೇನೂ ಆಗುತ್ತಿರಲಿಲ್ಲ.

ಇನ್ನು ಊಟ. ಮೆನುವಿನಲ್ಲಿ 20 ಡಾಲರ್ ಎಂದಿರುವ ತಿನಿಸಿಗೆ ನ್ಯೂಯಾರ್ಕ್ ನಗರದಲ್ಲಿ ಶೇ 8.875 ತೆರಿಗೆ, ಮೇಲೆ ಶೇ 20 ಟಿಪ್ ಸೇರಿದರೆ ಕೈಯಿಂದ ಹೋಗುವುದು 26 ಡಾಲರಿನ ಹತ್ತಿರ. ಮಾವನವರಂಥವರಿಗೆ ಮೆನುವಿನ ಬೆಲೆಗಿಂತ ಈ ಬಾಲ ಹೆಚ್ಚು ಚುಚ್ಚುತ್ತದೆ. ಟಿಪ್ ಎಂದರೆ ಖುಷಿಗೆ ಕೊಡುವ ಬಕ್ಷೀಸು ಎಂದು ಅವರು ತಿಳಿದಿದ್ದರೆ, ಹಾಗಲ್ಲ ಎಂದು ವಿವರಿಸಿ ಹೇಳಿ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಟಿಪ್ ಸಿಗುವ ಕೆಲಸದವರಿಗೆ ಮಾಲೀಕ ಕೊಡಲೇಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಇದಕ್ಕಿಂತ ಹೆಚ್ಚಿದೆ, ಆದರೂ ಉಳಿದದ್ದು ತುಂಬುವುದು ಗಿರಾಕಿಯ ಟಿಪ್ಪೇ. ಜೀವಮಾನವಿಡೀ ನೌಕರಿ ಮಾಡಿದ ಮನುಷ್ಯನಿಗೆ ಕೂಲಿಯ ಮಾತು ಅರ್ಥವಾಗುತ್ತದೆ. ಟಿಪ್ ಬಗ್ಗೆ ಆಮೇಲೆ ಅವರೇ ನಿಮಗಿಂತ ಕಟ್ಟುನಿಟ್ಟಾದರೂ ಆಶ್ಚರ್ಯವಿಲ್ಲ.

ಆದರೆ ಎರಡನೇ ಸಲ ಟೇಬಲ್ ಬುಕ್ ಮಾಡಿಸುವ ಊಟವೇ ಬೇಡ. ಚಪಾತಿಗೆ ಅದರದೇ ಜಾಗ ಕೊಡಿ. ಊರು ಬಿಡುವಾಗ ಬುತ್ತಿ ಕಟ್ಟುವುದು ಅವರ ಕಡೆಯ ಹೆಂಗಸರ ಕೈಗೆ ಕೂತ ಅಭ್ಯಾಸ. ಅದಕ್ಕೆ ಅಡ್ಡ ಬಂದದ್ದು ರೆಸ್ಟೋರೆಂಟಿನ ನಿಯಮ, ನ್ಯೂಯಾರ್ಕ್ ನಗರವಲ್ಲ. ಸೆಂಟ್ರಲ್ ಪಾರ್ಕಿನ ಬೆಂಚಿನ ಮೇಲೆ, ಬ್ರಯಂಟ್ ಪಾರ್ಕಿನ ಹಸಿರು ಕುರ್ಚಿಗಳಲ್ಲಿ ನ್ಯೂಯಾರ್ಕಿನವರೇ ಡಬ್ಬಿ ಬಿಚ್ಚಿ ಉಣ್ಣುತ್ತಾರೆ. "ಅತ್ತೆ, ಶೇಂಗಾ ಚಟ್ನಿ ಜಾಸ್ತಿ ಇರಲಿ, ಪಾರ್ಕಿನಲ್ಲಿ ಕೂತು ತಿನ್ನೋಣ" ಎಂದು ಹಿಂದಿನ ರಾತ್ರಿಯೇ ನೀವು ಕೇಳಿಬಿಡಿ. ಆ ಒಂದು ಮಾತು ಬೆಳಗ್ಗೆ ಅಡುಗೆಮನೆಯ ಸದ್ದನ್ನೇ ಬದಲಿಸುತ್ತದೆ.

ಹೊಟ್ಟೆ ತುಂಬಿದ ಮೇಲೆ ಹೊರಗೆ ತಿನ್ನುವುದು ಬರೀ ರುಚಿಗೆ. ಆಗ ಮಾವನವರು ಯಜಮಾನಿಕೆ ಮಾಡಲಿ. ನ್ಯೂಯಾರ್ಕಿನಲ್ಲಿ ಸಾದಾ ಚೀಸ್ ಪಿಜ್ಜಾ ಸ್ಲೈಸ್ ನಾಲ್ಕು ಡಾಲರಿನ ಆಸುಪಾಸಿಗೆ ಸಿಗುತ್ತದೆ, ಕೌಂಟರಿನಲ್ಲಿ ನಿಂತು ತೆಗೆದುಕೊಂಡರೆ ಟಿಪ್ಪಿನ ಬಲವಂತವಿಲ್ಲ. ಇಟಲಿಯಿಂದ ಬಂದ ಬಡವರು ಈ ನಗರದಲ್ಲಿ ಕಟ್ಟಿದ ಅಡುಗೆ ಅದು. ಸ್ಪ್ರಿಂಗ್ ಸ್ಟ್ರೀಟಿನ ಲೊಂಬಾರ್ಡಿಸ್ 1905ರಲ್ಲೇ ಪಿಜ್ಜಾ ಮಾರಾಟ ಶುರು ಮಾಡಿತ್ತು. ಅಂದಮೇಲೆ ಇಲ್ಲಿಯದೇ ಊಟ ಎಂದರೆ ಇದಕ್ಕಿಂತ ಬೇರೆ ಯಾವುದು? ಐದು ಜನರಿಗೆ ಇಪ್ಪತ್ತು ಚಿಲ್ಲರೆ ಡಾಲರ್. ಮಾವನವರು ಮೊಮ್ಮಗಳನ್ನು "ನಿನಗ್ಯಾವುದು ಬೇಕವಾ" ಎಂದು ಕೇಳಿ ಆರ್ಡರ್ ಕೊಡಲಿ, ನೋಟು ಎಣಿಸಿ ಕೊಡಲಿ, ಚಿಲ್ಲರೆ ಎಣಿಸಿ ತೆಗೆದುಕೊಳ್ಳಲಿ. ಆ ಹೊತ್ತಿಗೆ ನಿಮ್ಮ ಯಜಮಾನರ ಕೈ ಕಾರ್ಡಿನ ಕಡೆಗೆ ಹೋಗಕೂಡದು. ಇದನ್ನು ಅವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅಭ್ಯಾಸಬಲದಿಂದ ಮುಂದೆ ಬಂದೇ ಬರುತ್ತಾರೆ. ಒಂದು ಎಚ್ಚರ: ಚೀಸಿಗೆ ಹೆಪ್ಪು ಹಾಕುವ ರೆನೆಟ್ ಕೆಲವೊಮ್ಮೆ ಪ್ರಾಣಿಮೂಲದ್ದಿರುತ್ತದೆ. ಅತ್ತೆ ಅಷ್ಟು ನೇಮದವರಾದರೆ ಮುಚ್ಚಿಡದೆ ಹೇಳಿಬಿಡಿ, ಅವರು ಐಸ್‌ಕ್ರೀಮೋ ಹಣ್ಣೋ ತಿಂದಾರು.

ಕೂತು ಉಣ್ಣಲೇಬೇಕೆಂದರೆ ಮ್ಯಾನ್‌ಹಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂಗೆ ಹೋಗಿ. 26ರಿಂದ 29ನೇ ಬೀದಿಯವರೆಗೆ ದೋಸೆಯ ವಾಸನೆ ಹಿಡಿದೇ ನಡೆಯಬಹುದು. ಅಲ್ಲಿಯೇ 1944ರಲ್ಲಿ ಶುರುವಾದ ಕಾಲುಸ್ಟಿಯನ್ಸ್ ಎಂಬ ಮಸಾಲೆ ಅಂಗಡಿಯಿದೆ. ಕರಿಬೇವಿನಿಂದ ಹಿಡಿದು ಹೆಸರೇ ಕೇಳದ ಬೇಳೆಯವರೆಗೆ ಅತ್ತೆ ಮುಟ್ಟಿ ಮೂಸಿ ನೋಡಲು ಒಂದು ಗಂಟೆ ಸಾಲದು. ಆ ಬೀದಿಯ ಕೆಲವು ಸಸ್ಯಾಹಾರಿ ಹೋಟೆಲುಗಳು ಯಹೂದಿಗಳ ಕೋಷರ್ ಪ್ರಮಾಣಪತ್ರವನ್ನೂ ಪಡೆದಿರುವುದುಂಟು. ಇದು ನಮ್ಮ ಸಸ್ಯಾಹಾರಿಗಳು ತಿಳಿದಿರಬೇಕಾದ ಸಂಗತಿ. ಯಹೂದಿ ಧರ್ಮದಲ್ಲಿ ಹಾಲು, ಮಾಂಸ ಬೆರೆಯುವಂತಿಲ್ಲ. ಹೀಗಾಗಿ 'ಕೋಷರ್ ಡೇರಿ' ಎಂದು ಬೋರ್ಡ್ ಹಾಕಿದ ಅಡುಗೆಮನೆಗೆ ಮಾಂಸ ಹೊಸ್ತಿಲು ದಾಟಿ ಬರುವುದೇ ಇಲ್ಲ. ಮೀನು, ಮೊಟ್ಟೆ ಇರಬಹುದು, ಕೇಳಿಕೊಳ್ಳಿ. ಒಂದೇ ಬಾಣಲೆಯಲ್ಲಿ ಏನೇನು ಕರಿದಿದ್ದಾರೋ ಎಂಬ ಅಂಜಿಕೆಯಿಂದ ಎಷ್ಟೋ ಹಿರಿಯರು "ಹಸಿವಿಲ್ಲ" ಎನ್ನುತ್ತಾರೆ. ಮಾವನವರ ಮಾತಿನಲ್ಲಿ ಆ ಅಂಜಿಕೆಯೂ ಒಂದು ಪಾಲು ಇದ್ದೀತು.

ಇನ್ನೊಂದು ಅಂಜಿಕೆ ಇದೆ, ಅತ್ತೆ ಬಾಯಿಬಿಟ್ಟು ಹೇಳುವುದಿಲ್ಲ. ಶೌಚಾಲಯ ಎಲ್ಲಿ ಸಿಗುತ್ತದೋ ಏನೋ ಎಂದು ವಯಸ್ಸಾದ ಹೆಂಗಸರು ಪೇಟೆಗೆ ಹೊರಟ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರಿಲ್ಲದೆ ಬಿಸಿಲಲ್ಲಿ ನಡೆದವರಿಗೆ ಯಾವ ಊಟವೂ ರುಚಿಸುವುದಿಲ್ಲ. ಎಲ್ಲೆಲ್ಲಿ ಇದೆ ಎಂದು ನೀವು ಮೊದಲೇ ನೋಡಿಟ್ಟುಕೊಂಡು, ಅವರು ಕೇಳುವ ಮೊದಲೇ "ಇಲ್ಲಿ ಹೋಗಿ ಬರೋಣ" ಎನ್ನಿ. ರೈಲು ನಿಲ್ದಾಣ, ಮ್ಯೂಸಿಯಂ, ಬ್ರಯಂಟ್ ಪಾರ್ಕಿನ ಸಾರ್ವಜನಿಕ ಶೌಚಾಲಯ, ಇವು ನಂಬುವಂಥವು.

ಈಗ ಕುಶಲಕಲೆಯ ವಿಷಯಕ್ಕೆ ಬರುತ್ತೇನೆ. ಅತ್ತೆಗೆ ಕಸೂತಿ ಬರುತ್ತದೆ ಎಂದು ಅರ್ಧ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿರಿ. ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದದ್ದು ಅದೇ. ಕಸೂತಿ ಬಲ್ಲವರು ಬಟ್ಟೆಯ ಮುಖಕ್ಕಿಂತ ಮೊದಲು ಬೆನ್ನು ತಿರುವಿ ನೋಡುತ್ತಾರೆ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಹಿಂದೆ ಮುಂದೆ ಒಂದೇ ಚಿತ್ತಾರ ಬರಬೇಕು, ಗಂಟು ಕಾಣಬಾರದು, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಮಗಳ ಫ್ರಾಕನ್ನು ಒಳಮೈ ಹೊರಗೆ ಮಾಡಿ ಒಮ್ಮೆ ನೋಡಿ. ಇಂಥ ಕೈ ಇರುವವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ವಸ್ತುವನ್ನು ನೀವೇ ಆರಿಸಿ, ಬೆಲೆ ಚೀಟಿಯ ಸಮೇತ ಮುಂದೆ ಹಿಡಿದರೆ ಅವರಿಗೆ ಹೇಳಲು ಏನು ಉಳಿಯಿತು? ಬೆಲೆಯೊಂದೇ. ಒಳ್ಳೆಯದು ಯಾವುದು ಎಂದು ಹೇಳುವ ಅರ್ಹತೆ ನಿಮಗಿಂತ ಹೆಚ್ಚು ಅವರಿಗಿದೆ. ಅವರನ್ನು ಆ ಜಾಗದಲ್ಲಿ ನಿಲ್ಲಿಸಿ.

ಅದಕ್ಕೆ ಒಂದು ಭಾನುವಾರ ಬೇಕು. ಮೆಟುಚೆನ್ ಸ್ಟೇಷನ್ನಿನಿಂದ ಪೆನ್ ಸ್ಟೇಷನ್ನಿಗೆ ರೈಲಿನಲ್ಲೇ ಹೋಗಿ, ಒಂದು ಗಂಟೆಯೊಳಗಿನ ದಾರಿ. 62 ದಾಟಿದವರಿಗೆ ನ್ಯೂಜೆರ್ಸಿ ಟ್ರಾನ್ಸಿಟ್‌ನಲ್ಲಿ ರಿಯಾಯಿತಿ ದರ ಇದೆ. ವಯಸ್ಸಿನ ಪುರಾವೆ ಜೊತೆಗಿರಲಿ, ಟಿಕೆಟನ್ನು ಮಾವನವರೇ ಕೊಳ್ಳಲಿ. ಇಳಿದ ಮೇಲೆ ಎಂಟನೇ ಅವೆನ್ಯೂ ದಾಟಿದರೆ ಕಲ್ಲಿನ ಕಂಬಗಳ ಸಾಲು ಹೊತ್ತ ಒಂದು ಭಾರೀ ಕಟ್ಟಡ ಕಾಣುತ್ತದೆ. ಅದು ನ್ಯೂಯಾರ್ಕಿನ ಹಳೆಯ ಜನರಲ್ ಪೋಸ್ಟ್ ಆಫೀಸ್, ಫಾರ್ಲಿ ಬಿಲ್ಡಿಂಗ್. ಮಳೆ ಚಳಿ ಕತ್ತಲೆಗಳಿಗೆ ಜಗ್ಗದೆ ಓಡುವ ಅಂಚೆಯವರ ಬಗ್ಗೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದ ಮಾತನ್ನು ಆಧರಿಸಿದ ಸಾಲೊಂದನ್ನು ಅದರ ನೆತ್ತಿಯ ಉದ್ದಕ್ಕೂ ಕೆತ್ತಿದ್ದಾರೆ. 2021ರಿಂದ ಅದರೊಳಗೆ ಮೊಯ್ನಿಹಾನ್ ರೈಲು ಹಾಲ್ ಇದೆ. ಅಂಚೆ ಇಲಾಖೆಯ ನಿವೃತ್ತ ನೌಕರರೊಬ್ಬರನ್ನು ನ್ಯೂಯಾರ್ಕಿಗೆ ಕರೆತಂದು, ಇದನ್ನು ಬಿಟ್ಟು ಟೈಮ್ಸ್ ಸ್ಕ್ವೇರ್ ತೋರಿಸಿ ವಾಪಸು ಕರೆದೊಯ್ದಿದ್ದೀರಿ! ಈ ಸಲ ಆ ಕಟ್ಟಡದ ಮೆಟ್ಟಿಲ ಮೇಲೆ ಅವರ ಫೋಟೋ ತೆಗೆಯಿರಿ, ಕೆತ್ತಿದ ಸಾಲಿನ ಅರ್ಥವನ್ನು ಮೊಮ್ಮಗಳು ಹೇಳಲಿ.

ಪೆನ್ ಸ್ಟೇಷನ್ನಿನಿಂದ 1ನೇ ನಂಬರಿನ ಸಬ್‌ವೇ ಹತ್ತಿದರೆ 66ನೇ ಬೀದಿ, ಲಿಂಕನ್ ಸೆಂಟರ್. ಅಲ್ಲಿ ಅಮೆರಿಕನ್ ಫೋಕ್ ಆರ್ಟ್ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಚಿಕ್ಕದು, ಕಾಲು ನೋಯುವುದಿಲ್ಲ. ಶಾಲೆ ಕಾಲೇಜಿನಲ್ಲಿ ಕಲೆ ಕಲಿಯದ ಜನ, ಮನೆಯ ಹೆಂಗಸರು, ಮರಗೆಲಸದವರು ಮಾಡಿದ ವಸ್ತುಗಳೇ ಅದರ ಸಂಗ್ರಹ. ಅದರಲ್ಲಿ ಬಟ್ಟೆಯ ತುಂಡು ಜೋಡಿಸಿ ಹೊಲಿದ ಹೊದಿಕೆಗಳದ್ದು, ಅಂದರೆ ಕ್ವಿಲ್ಟುಗಳದ್ದು, ದೊಡ್ಡ ಪಾಲು. ಪ್ರದರ್ಶನ ಬದಲಾಗುತ್ತಿರುತ್ತದೆ, ಕ್ವಿಲ್ಟುಗಳಿರುವಾಗ ಹೋದರೆ ಅತ್ತೆಗೆ ನೀವು ಏನನ್ನೂ ವಿವರಿಸಬೇಕಾಗುವುದಿಲ್ಲ. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಸಾಲುಸಾಲು ಹೊಲಿಗೆ ಹಾಕಿದ ಕೌದಿ ಹೊದ್ದೇ ಉತ್ತರ ಕರ್ನಾಟಕದ ಮಕ್ಕಳು ಬೆಳೆದದ್ದು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಇಂದಿಗೂ ಹೊಲಿಯುತ್ತಾರೆ. ಪೆನ್ಸಿಲ್ವೇನಿಯಾದ ಆಮಿಶ್ ಪಂಗಡದ ಹೆಂಗಸು ಹೊಲಿದದ್ದೂ ಅದೇ ಕೌದಿ. ಬಣ್ಣದ ಜೋಡಣೆ ಬೇರೆ, ಸಾಲು ಬೇರೆ. ಇಲ್ಲಿ ಅದು ಗೋಡೆಯ ಮೇಲೆ ದೀಪದ ಬೆಳಕಿನಲ್ಲಿ ತೂಗಿದೆ ಎಂಬುದನ್ನು ಅವರು ಕಣ್ಣಾರೆ ನೋಡಬೇಕು. "ನಿಮ್ಮ ಮನೆಯಲ್ಲಿ ಯಾರು ಹೊಲಿಯುತ್ತಿದ್ದರು ಅತ್ತೆ?" ಎಂದು ಕೇಳಿ ಸುಮ್ಮನೆ ನಿಂತುಬಿಡಿ.

ಅಲ್ಲಿಂದ ಕೊಲಂಬಸ್ ಅವೆನ್ಯೂ ಹಿಡಿದು ನಡೆದರೆ 77ನೇ ಬೀದಿಯಲ್ಲಿ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಎದುರಿಗೆ, ಭಾನುವಾರದ ಸಂತೆ. ಗ್ರ್ಯಾಂಡ್ ಬಜಾರ್ ಎಂದು ಹೆಸರು. ನಡೆಯಲಾಗದಿದ್ದರೆ ಬಸ್ ಇದೆ. ಒಂದು ಶಾಲೆಯ ಆವರಣದಲ್ಲಿ ನಡೆಯುವ ಈ ಸಂತೆಯ ಲಾಭ ಆ ಭಾಗದ ಸರ್ಕಾರಿ ಶಾಲೆಗಳಿಗೇ ಹೋಗುತ್ತದೆ. ಟೀಚರ್ ಆಗಿದ್ದವರಿಗೆ ಇದನ್ನು ಮೊದಲೇ ಹೇಳಿ, ಅಲ್ಲಿ ಖರ್ಚು ಮಾಡಿದ ಡಾಲರು ಅಷ್ಟು ಭಾರವಾಗಲಾರದು. ಅಲ್ಲಿ ಎಲ್ಲವೂ ಇಲ್ಲಿಯದೇ ಎಂದು ತಿಳಿಯಬೇಡಿ, ಹೊರಗಿನಿಂದ ತಂದು ಮಾರುವವರೂ ಇರುತ್ತಾರೆ. ಆಮದಾದ ಸಾಮಾನಿನ ಮೇಲೆ ಯಾವ ದೇಶದ್ದು ಎಂದು ನಮೂದಿಸಲೇಬೇಕು ಎಂಬ ಕಾನೂನು ಅಮೆರಿಕದಲ್ಲಿದೆ, ತಳ ತಿರುವಿ ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ, "ಇದನ್ನು ಹೇಗೆ ಮಾಡಿದಿರಿ?" ಎಂದು ಕೇಳುವುದು. ತಾನೇ ಮಾಡಿದವನು ಮಣ್ಣು, ಬಣ್ಣ, ಬೆಂಕಿಯ ಕತೆ ಶುರು ಮಾಡುತ್ತಾನೆ. ತಂದು ಮಾರುವವನು ಎರಡು ತೆಗೆದುಕೊಂಡರೆ ಎಷ್ಟು ಕಡಿಮೆ ಎಂದು ಹೇಳುತ್ತಾನೆ. ಅತ್ತೆ ಕೇಳಲಿ, ಮೊಮ್ಮಗಳು ದುಭಾಷಿ ಆಗಲಿ. ಹಳೆಯ ಸಾಮಾನಿನ ಮಳಿಗೆಗಳಲ್ಲಿ ಚೌಕಾಸಿ ನಡೆಯುತ್ತದೆ, ಅಲ್ಲಿ ಅವರನ್ನು ತಡೆಯಬೇಡಿ. ತಾನೇ ಮಾಡಿ ತಂದವರ ಹತ್ತಿರ ಚೌಕಾಸಿ ಮಾಡುವುದು ನನಗೂ ಸರಿ ಕಾಣುವುದಿಲ್ಲ, ಅದು ಅತ್ತೆಗೂ ಗೊತ್ತಿರುತ್ತದೆ. ಒಂದು ಸೀರೆಗೆ ಕಸೂತಿ ಹಾಕಲು ತಿಂಗಳುಗಟ್ಟಲೆ ಕಣ್ಣು ಸವೆಸಬೇಕು ಎಂದು ತಿಳಿದವರು ಅವರು. ಇನ್ನೊಂದು ಮಾತು, ಅಮೆರಿಕದ ಮೂಲನಿವಾಸಿಗಳ ಕೆಲಸ ಎಂದು ಹೇಳಿ ಬೆಳ್ಳಿ, ಮಣಿಯ ಒಡವೆ ತೋರಿಸಿದರೆ ಯಾವ ಬುಡಕಟ್ಟಿನವರದು, ಯಾರು ಮಾಡಿದ್ದು ಎಂದು ಕೇಳಿ. ಸುಳ್ಳು ಹೇಳಿ ಮಾರುವುದು 1990ರ ಕಾನೂನಿನ ಪ್ರಕಾರ ಅಪರಾಧ.

ಫ್ರಿಜ್ ಮ್ಯಾಗ್ನೆಟ್ಟುಗಳ ಬಗ್ಗೆ ನಿಮ್ಮ ಯಜಮಾನರಿಗೆ ಇಷ್ಟು ಹೇಳಿ. ಅವರ ತಾಯಿ ಅವನ್ನು ಚಂದ ಎಂದು ಕೊಳ್ಳಲಿಲ್ಲ. ವಿಮಾನ ಹತ್ತುವ ಮುಂಚೆ ಎಷ್ಟು ಮನೆಯವರು ಉಡಿ ತುಂಬಿ, ಕುಪ್ಪಸದ ಕಣ ಕೊಟ್ಟು ಕಳಿಸಿದರೋ ಅಷ್ಟು ಮನೆಗೂ ಏನಾದರೂ ಹೋಗಬೇಕು. ಹಾಲಿನವರು, ಮನೆ ನೋಡಿಕೊಳ್ಳುತ್ತಿರುವ ಪಕ್ಕದವರು, ಜೊತೆಗೆ ಕೆಲಸ ಮಾಡಿದ ಟೀಚರುಗಳು, ಎಲ್ಲರ ಪಟ್ಟಿ ಅವರ ತಲೆಯಲ್ಲಿದೆ. ಹಗುರ ಇರಬೇಕು, ಒಡೆಯಬಾರದು, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಆಗಬಾರದು, ನೋಡಿದ ಕೂಡಲೇ ಅಮೆರಿಕದ್ದು ಎಂದು ತಿಳಿಯಬೇಕು. ಈ ಎಲ್ಲ ಲೆಕ್ಕಕ್ಕೂ ಮ್ಯಾಗ್ನೆಟ್ ಸರಿಹೊಂದುತ್ತದೆ. ನಿಮ್ಮ ಮಣ್ಣಿನ ಬಟ್ಟಲು ಹೊಂದುವುದಿಲ್ಲ. ಅವು ಹಾಗೇ ಊರಿಗೆ ಹೋಗಲಿ.

ಅವುಗಳ ಜೊತೆಗೆ ಬೇಕಾದರೆ ಒಂದು ಉಪಾಯ ಸೇರಿಸುತ್ತೇನೆ. ಸಂತೆಯಲ್ಲಿ, ಮ್ಯೂಸಿಯಮ್ಮಿನ ಅಂಗಡಿಯಲ್ಲಿ ಇಲ್ಲಿಯ ಚಿತ್ರಕಾರರು ಮಾಡಿದ ಪೋಸ್ಟ್‌ಕಾರ್ಡುಗಳು ಸಿಗುತ್ತವೆ. ಒಂದು ಕಟ್ಟು ಮಾವನವರೇ ಆರಿಸಿ ಕೊಳ್ಳಲಿ. ಮೆಟುಚೆನ್‌ಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಒಂದೊಂದನ್ನೂ ತಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆಯಲಿ, ವಿಳಾಸ, ಕೊನೆಗೆ ಧಾರವಾಡ 580001. ಮೆಟುಚೆನ್ನಿನ ಅಂಚೆ ಕಚೇರಿಗೆ ಅವರನ್ನೇ ಕರೆದೊಯ್ಯಿರಿ, ಅಂತರರಾಷ್ಟ್ರೀಯ ಸ್ಟಾಂಪ್ ಅವರೇ ಕೇಳಿ ಕೊಳ್ಳಲಿ. ಇಲ್ಲಿಯ ಕೌಂಟರ್ ಹೇಗೆ ನಡೆಯುತ್ತದೆ, ಟಪಾಲು ಹೇಗೆ ವಿಂಗಡಿಸುತ್ತಾರೆ ಎಂದು ನೋಡುವ ಕುತೂಹಲ ಅವರಿಗೆ ಖಂಡಿತ ಇದೆ. ಯಾರೂ ಕರೆದುಕೊಂಡು ಹೋಗಿಲ್ಲ, ಅಷ್ಟೆ.

ಸಿಟಿಗೆ ಹೋಗುವ ಮುಂಚೆ ಒಂದು ಸಂಜೆ ನಿಮ್ಮ ಊರಿನ ಮೇನ್ ಸ್ಟ್ರೀಟಿನಲ್ಲೇ ತಾಲೀಮು ಮಾಡಿ ನೋಡಿ. 2023ರಲ್ಲಿ ಗ್ರೇಟ್ ಅಮೆರಿಕನ್ ಮೇನ್ ಸ್ಟ್ರೀಟ್ ಪ್ರಶಸ್ತಿ ಪಡೆದ ಪೇಟೆ ಮನೆಯ ಬಾಗಿಲಲ್ಲೇ ಇರುವಾಗ, ಇಲ್ಲಿಯದೇನಾದರೂ ಬೇಕೆಂದು ಟೈಮ್ಸ್ ಸ್ಕ್ವೇರ್‌ಗೆ ಓಡಬೇಕಿಲ್ಲ. ಲಕೋಟೆಯ ದುಡ್ಡಿನಲ್ಲಿ ಮಾವನವರು ಎಲ್ಲರಿಗೂ ಕಾಫಿ ಕೊಡಿಸಲಿ. ಬಟ್ಟೆಗೆ ನ್ಯೂಜೆರ್ಸಿಯಲ್ಲಿ ಮಾರಾಟ ತೆರಿಗೆ ಇಲ್ಲ ಎಂದೂ ಹೇಳಿಡಿ, ಅವರಿಗೆ ಆ ಮಾಹಿತಿ ಬಹಳ ಹಿಡಿಸುತ್ತದೆ. ಅಕ್ಟೋಬರಿನಲ್ಲಿ ನಿಮ್ಮೂರಿನ ಕಂಟ್ರಿ ಫೇರ್ ಹೊತ್ತಿಗೆ ಮೇನ್ ಸ್ಟ್ರೀಟಿನಲ್ಲೇ ಕೈಕೆಲಸದವರ ಮಳಿಗೆಗಳೂ ಬರುತ್ತವೆ. ಎಡಿಸನ್ನಿನ ಓಕ್ ಟ್ರೀ ರೋಡ್ ತೋರಿಸಿದರೆ ಅಮೆರಿಕ ತೋರಿಸಿದಂತಾಗುವುದಿಲ್ಲ ಎಂಬ ಸಂಕೋಚವೂ ಬೇಡ. ಆ ಬೀದಿಯ ಸೀರೆ ಅಂಗಡಿ, ಮಿಠಾಯಿ ಅಂಗಡಿಗಳು ನ್ಯೂಜೆರ್ಸಿಯ ಮಣ್ಣಿನಲ್ಲೇ ಬೇರು ಬಿಟ್ಟವು. ಒಂದು ದಿನ ಎಡಿಸನ್ನಿನಲ್ಲೇ ಇರುವ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನಕ್ಕೆ ಹೋಗಿ ಬನ್ನಿ. ಇನ್ನೊಂದು ದಿನ, ಸಾಧ್ಯವಾದರೆ, ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿರುವ ಗಣೇಶನ ಗುಡಿಗೆ. 1977ರಲ್ಲಿ ಪ್ರತಿಷ್ಠೆಯಾದ ಗುಡಿ, ಅದರ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಟ್ಟೆಯನ್ನು ನಾವೇ ಹಿಡಿದು ತಂದು ಕೂರಬೇಕು. ವೇಟರ್ ಇಲ್ಲ, ಬಾಣಲೆಯ ಅಂಜಿಕೆ ಇಲ್ಲ. ಮಾವನವರು ಅಲ್ಲಿ ಹೊಟ್ಟೆ ತುಂಬ ಉಂಡರೆ ಆಶ್ಚರ್ಯಪಡಬೇಡಿ.

ಕಾರಿನಲ್ಲಿ ದೂರ ಹೋಗುವ ಮನಸ್ಸಿದ್ದರೆ ದಕ್ಷಿಣ ನ್ಯೂಜೆರ್ಸಿಯ ಮಿಲ್‌ವಿಲ್‌ನಲ್ಲಿ ವೀಟನ್ ಆರ್ಟ್ಸ್ ಇದೆ. ಆ ಕಡೆಯ ಮರಳು ಗಾಜಿಗೆ ಹೇಳಿ ಮಾಡಿಸಿದ್ದು. 1739ರಲ್ಲೇ ಕ್ಯಾಸ್ಪರ್ ವಿಸ್ಟಾರ್ ಸೇಲಂ ಕೌಂಟಿಯಲ್ಲಿ ಗಾಜಿನ ಕಾರ್ಖಾನೆ ಹಾಕಿದ. ಈಗಲೂ ಕುಲುಮೆಯ ಎದುರು ಕೂತು, ಉದ್ದನೆ ಕೊಳವೆಯ ತುದಿಯಲ್ಲಿ ಜೇನಿನಂತೆ ಜೋಲುವ ಕಾದ ಗಾಜನ್ನು ಸುತ್ತುತ್ತ, ಊದುತ್ತ ಆಕಾರ ಕೊಡುವುದನ್ನು ನೋಡಬಹುದು. ಒಳಗೆ ಹೂವರಳಿದ ಗಾಜಿನ ಪೇಪರ್‌ವೇಟ್ ಮಿಲ್‌ವಿಲ್‌ನ ಹಳೆಯ ಹೆಸರುವಾಸಿ ಕೆಲಸ. ಮಾವನವರು ಇಡೀ ನೌಕರಿಯಲ್ಲಿ ಫ್ಯಾನಿನ ಕೆಳಗೆ ಕಾಗದ ಹಾರದಂತೆ ಪೇಪರ್‌ವೇಟ್ ಇಟ್ಟುಕೊಂಡೇ ಕೂತವರು. ಅವರಿಗೆಂದು ನೀವು ಒಂದು ವಸ್ತು ಕೊಡಲೇಬೇಕೆಂದರೆ, ಅದನ್ನು ಮಾಡುವುದನ್ನು ಅವರ ಕಣ್ಣಿಗೆ ತೋರಿಸಿ ಆಮೇಲೆ ಕೊಡಿ. ಬೆಲೆ ಕೇಳಿದರೆ ನಿಜವಾದ ಬೆಲೆಯನ್ನೇ ಹೇಳಿ.

ಆ ಮಣ್ಣಿನ ಬಟ್ಟಲು ನಿಮಗೆ ಅಷ್ಟು ಇಷ್ಟವಾಗಿದ್ದರೆ ನಿಮಗಾಗಿ ಕೊಳ್ಳಿ. ನೀವು ದುಡಿಯುತ್ತೀರಿ, ಮಾಡಿದವಳ ಕೈಗೆ ಸಲ್ಲಬೇಕಾದ ಬೆಲೆ ಕೊಡುತ್ತೀರಿ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಅತ್ತೆಯ ಹೆಸರಿನಲ್ಲಿ ಕೊಂಡು ಅವರ ಒಪ್ಪಿಗೆ ಕಾಯಬೇಡಿ. ಮೊಸರು ಹಾಕಿ ಊಟದ ಮೇಜಿನ ಮೇಲೆ ಇಡಿ.

ಉಳಿದದ್ದು ಟಿಕೆಟಿನ ಮಾತು. ಅದು ನಿಮ್ಮ ಮೇಲಿನ ಸಿಟ್ಟು ಎಂದು ತೀರ್ಮಾನ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಅಕ್ಟೋಬರ್ ಕೊನೆಗೆ ಹೊರಟರೆ ಅವರಿಗೆ ಊರಿನ ದಸರೆ ತಪ್ಪುತ್ತದೆ. ಧಾರವಾಡದಲ್ಲಿ ವಿಜಯದಶಮಿಯ ಸಂಜೆ ಬನ್ನಿ ಹಿಡಿದು ಮನೆಮನೆಗೆ ಹೋಗುವುದು, ಚಿಕ್ಕವರು ಬಂದು ಬನ್ನಿ ಕೊಟ್ಟು ಕಾಲಿಗೆ ಬೀಳುವುದು, ವರ್ಷದಲ್ಲಿ ಆ ವಯಸ್ಸಿನವರು ಕಾಯುವ ದಿನ. ಮಗನೇ ಅಪ್ಪನನ್ನು ಸಂಜೆ ವಾಕಿಂಗಿಗೆ ಕರೆದುಕೊಂಡು ಹೋಗಿ ಕೇಳಲಿ. ಬನ್ನಿಗೆ ಊರಲ್ಲಿರಬೇಕು ಎಂಬುದೇ ಕಾರಣವಾಗಿದ್ದರೆ, ತಡಮಾಡದೆ ಟಿಕೆಟ್ ಬದಲಿಸಿ ಕೊಡಿ, ಸಿಟಿಗೆ ಹೋಗುವ ಭಾನುವಾರವನ್ನು ಇನ್ನೂ ಮುಂಚೆಯೇ ಇಟ್ಟುಕೊಳ್ಳಿ.